ಬೂದಿ ನೆಲದ ನಡುಭಾಗ

ಏಪ್ರಿಲ್ 14, ಶುಕ್ರವಾರ. ಬೆಳಿಗ್ಗೆ 10.52ಕ್ಕೆ ಬೊಸ್‌ತಾವ್ ಊರಿನ ಪೊಲೀಸ್ ಠಾಣೆಯ ಫೋನ್ ಬಡಿದುಕೊಂಡಿತು. ಎತ್ತಿಕೊಂಡವನು ಹೆಡ್ ಕಾನ್‌ಸ್ಟೆಬಲ್ ವಿತಾಲಿ. ಇಪ್ಪತ್ತಾರು ವರ್ಷ ಸರ್ವಿಸ್ ಆದ ಆಸಾಮಿ. ಯಾರು ಏನೇ ಹೇಳಲಿ, ಚಹಾದ ಲೋಟ ಕೆಳಗಿಡುವವನಲ್ಲ.

“ನೆಲ ಹೋಯ್ತು,” ಎಂದಿತು ಒಂದು ಹೆಣ್ಣು ದನಿ.

“ಏನು ಹೋಯ್ತು? ಸರಿಯಾಗಿ ಹೇಳಮ್ಮ.”

“ನೆಲ. ಆಟದ ಕೋಣೆ ನೆಲ. ಕೆಳಗೆ ಹೋಯ್ತು. ಒಂದು ಮಗು ಒಳಗಿದೆ.”

ವಿತಾಲಿ ಲೋಟ ಕೆಳಗಿಟ್ಟ. ಫೋನ್ ಮಾಡಿದವಳು ರೈಹಾನ್, ಸರೋವರದ ದಂಡೆಯ ಹೊಸ ಶಿಶುವಿಹಾರದ ಮುಖ್ಯಸ್ಥೆ. ಆ ಕಟ್ಟಡ ತೆರೆದು ಇನ್ನೂ ಒಂದು ತಿಂಗಳಷ್ಟೇ ಆಗಿತ್ತು. ಹೊಸ ವರ್ಷದ ನೌರೂಜ್ ಹಬ್ಬಕ್ಕೆ ಮಕ್ಕಳು ಬರೆದಿದ್ದ ಚಿತ್ರಗಳು ಗೋಡೆಯ ಮೇಲೆ ಹಾಗೇ ಇದ್ದವು.

ಇನ್‌ಸ್ಪೆಕ್ಟರ್ ತೊಕ್ಸಾನ್ ಸ್ಥಳ ತಲುಪಿದ್ದು 11.05ಕ್ಕೆ. ಅಷ್ಟರಲ್ಲಿ ಅಗ್ನಿಶಾಮಕದವರು ಮಗುವನ್ನು ಹೊರಗೆ ತೆಗೆದಿದ್ದರು. ಐದು ವರ್ಷದ ಹುಡುಗಿ, ಹೆಸರು ಕುನ್‌ಸುಲು. ಉಸಿರಿರಲಿಲ್ಲ. ಮೈಯೆಲ್ಲ ಬೂದಿ ಮೆತ್ತಿಕೊಂಡು ಹುಬ್ಬು ಯಾವುದು, ಕೂದಲು ಯಾವುದು ಗೊತ್ತಾಗುತ್ತಿರಲಿಲ್ಲ. ಉಳಿದ ಹದಿನೇಳು ಮಕ್ಕಳು ಪಕ್ಕದ ಕೋಣೆಯಲ್ಲಿ ಗಂಜಿ ತಿನ್ನುತ್ತಿದ್ದವಂತೆ. ಈ ಹುಡುಗಿ ಬಿಟ್ಟುಬಂದ ಗೊಂಬೆ ತರಲು ಎದ್ದು ಹೋಗಿದ್ದಳು, ಅಷ್ಟೇ.

ಇಂಥ ಸಾವನ್ನು ಬೊಸ್‌ತಾವ್ ಕಂಡಿರಲಿಲ್ಲ. ಗಣಿಯಲ್ಲಿ ಸತ್ತವರಿದ್ದಾರೆ, ಹಿಮಗಾಳಿಯಲ್ಲಿ ಸಿಕ್ಕಿ ಸತ್ತವರಿದ್ದಾರೆ. ಆದರೆ ಗಂಜಿ ತಿನ್ನುವ ಹೊತ್ತಿನಲ್ಲಿ, ಬಿಸಿಲು ಬಿದ್ದ ಕೋಣೆಯಲ್ಲಿ, ಕಾಲ ಕೆಳಗಿನ ನೆಲವೇ ಬಾಯಿ ತೆರೆದು ಮಗುವನ್ನು ಎಳೆದುಕೊಂಡದ್ದು ಹೇಗೆ? ಅಂಗಳದಲ್ಲಿ ನಿಂತ ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ನೆಲಕ್ಕೆ ಇಳಿಸದೆ ಎತ್ತಿಕೊಂಡೇ ಇದ್ದರು. ಏಳು ವರ್ಷದ ದಡಿಯನನ್ನೂ ಒಬ್ಬಳು ಕಂಕುಳಿಂದ ಇಳಿಸಿರಲಿಲ್ಲ.

ಎಫ್‌ಐಆರ್ ಸಂಖ್ಯೆ 118. ನಿರ್ಲಕ್ಷ್ಯದಿಂದ ಸಾವು. ಆರೋಪಿ: ಅಪರಿಚಿತ.

ಮಧ್ಯಾಹ್ನ 12.30ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರು ಇಬ್ಬರು. ಎದುರಿನ ಅಂಗಡಿಯ ಉಮಿತ್ ಅಜ್ಜಿ ಒಬ್ಬಳು, ನಿವೃತ್ತ ಬಸ್ ಚಾಲಕ ಒಬ್ಬ. ಆಟದ ಕೋಣೆ ಇದ್ದದ್ದು ಕಟ್ಟಡದ ನಟ್ಟನಡುವೆ. ಅದರ ಮಧ್ಯದಲ್ಲಿ ಕಾಂಕ್ರೀಟ್ ಒಡೆದು ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲದ ಗುಂಡಿ. ಆಳ ಒಂದೂ ಮುಕ್ಕಾಲು ಮೀಟರ್. ಒಳಗೆ ಬೂದಿ, ಅದರ ಮೇಲೆ ನೀರು. ಚಾವಣಿಯಲ್ಲಿ ಕರಗಿದ ಹಿಮದ ನೀರನ್ನು ಒಯ್ಯುವ ಕೊಳವೆ ಕೋಣೆಯ ನಡುವಿನ ಕಂಬದೊಳಗಿಂದಲೇ ಇಳಿದಿತ್ತು. ಅದರ ಕೆಳಗಿನ ಕೀಲು ಬಿಟ್ಟು ಹತ್ತು ದಿನದಿಂದ ನೀರು ಸದ್ದಿಲ್ಲದೆ ನೆಲದಡಿ ಹೋಗಿತ್ತು.

ಬೂದಿ ಇದ್ದದ್ದು ಯಾರಿಗೂ ಗುಟ್ಟಲ್ಲ. ಸರೋವರದ ದಂಡೆ ಜೌಗು. ಅಲ್ಲಿ ಏನೇ ಕಟ್ಟಬೇಕಾದರೂ ನೆಲ ಏರಿಸಬೇಕು. ಉಷ್ಣ ಸ್ಥಾವರದ ಹಿಂದೆ ಗುಡ್ಡ ಗುಡ್ಡ ಬಿದ್ದಿರುವ ಕಲ್ಲಿದ್ದಲ ಬೂದಿಯನ್ನೇ ತಂದು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದಪ್ಪಕ್ಕೆ ಹರಡುತ್ತಾರೆ, ನೀರು ಚಿಮುಕಿಸುತ್ತಾರೆ, ರೋಲರ್ ಉರುಳಿಸುತ್ತಾರೆ, ಮೇಲೆ ಇನ್ನೊಂದು ಪದರ ಹಾಕುತ್ತಾರೆ. ಹದವಾಗಿ ಮಾಡಿದರೆ ಅದು ಕಲ್ಲಿನ ಹಾಗೆ ನಿಲ್ಲುತ್ತದೆ. ನಮ್ಮ ಬಸ್ ನಿಲ್ದಾಣ, ಮಾರುಕಟ್ಟೆ ನಿಂತಿರುವುದೂ ಅದರ ಮೇಲೆಯೇ. ಹನ್ನೆರಡು ವರ್ಷದಲ್ಲಿ ಒಂದು ಬಿರುಕು ಬಿಟ್ಟಿಲ್ಲ.

ವಿತಾಲಿ ಗುಂಡಿಗೆ ಇಳಿದು ಅಳತೆ ಕೂಗಿ ಹೇಳಿದ. ತೊಕ್ಸಾನ್ ಹಲಗೆಯ ಮೇಲೆ ನಿಂತು ಬರೆದುಕೊಂಡ. ಪಂಚರು ಬಾಗಿಲ ಬಳಿಯೇ ಇದ್ದರು. 1.40ಕ್ಕೆ ಇಬ್ಬರೂ ಸಹಿ ಹಾಕಿದರು.

“ಅಜ್ಜಿ, ಎಲ್ಲಾ ನೋಡಿದ್ರಲ್ಲಾ?” ವಿತಾಲಿ ಕೇಳಿದ.

“ನೋಡಿದ್ದು ಸಾಕಪ್ಪಾ,” ಎಂದಳು ಉಮಿತ್ ಅಜ್ಜಿ. “ಇನ್ನೂ ನೋಡು ಅಂದ್ರೆ ಇಲ್ಲೇ ಬಿದ್ದುಬಿಡ್ತೀನಿ.”

ಅಂದು ಸಂಜೆ 5.40ಕ್ಕೆ ಮೂವತ್ತನಾಲ್ಕು ವರ್ಷದ ಒಬ್ಬ ಗಟ್ಟಿಮುಟ್ಟಾದ ಆಳು ಠಾಣೆಗೆ ಬಂದು ತೊಕ್ಸಾನನ ಮೇಜಿನ ಮೇಲೆ ಒಂದು ಲೈಸೆನ್ಸ್ ಇಟ್ಟ. ಭಾರೀ ಯಂತ್ರ ಓಡಿಸುವ ಲೈಸೆನ್ಸ್.

“ಬರ್ಕೊಳ್ಳಿ ಅಗಾ. ರೋಲರ್ ಓಡಿಸಿದ್ದು ನಾನು.”

ಅಗಾ ಎಂದರೆ ನಮ್ಮಲ್ಲಿ ಹಿರಿಯಣ್ಣ. ತೊಕ್ಸಾನ್ ತಲೆಯೆತ್ತಿ ನೋಡಿದ.

“ಯಾವ ರೋಲರ್?”

“ಶಿಶುವಿಹಾರದ್ದು. ಹೋದ ಬೇಸಿಗೆ. ಹತ್ತು ಪದರಾನೂ ನಾನೇ ಉರುಳಿಸಿದ್ದು. ಬೇರೆ ಯಾರೂ ಆ ಗಾಡಿ ಮುಟ್ಟಿಲ್ಲ.”

“ಹೆಸರು?”

“ಸೆಂಬೆಕ್.”

ತೊಕ್ಸಾನನ ಪೆನ್ನು ನಿಂತಿತು. ಮಧ್ಯಾಹ್ನ ಶವಾಗಾರದ ಚೀಟಿಯಲ್ಲಿ ತಂದೆಯ ಹೆಸರಿನ ಮುಂದೆ ತಾನೇ ಬರೆದ ಹೆಸರು ಅದು.

“ಆ ಮಗು…”

“ನನ್ನದೇ.”

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ತೊಕ್ಸಾನ್ ಎಂಥೆಂಥವರನ್ನೋ ಎದುರು ಕೂರಿಸಿಕೊಂಡಿದ್ದ. ಸತ್ತ ಮಗುವಿನ ತಂದೆಯೇ ತಪ್ಪು ತನ್ನದೆಂದು ಬಂದದ್ದು ಇದೇ ಮೊದಲು. ಬಾಗಿಲಲ್ಲಿದ್ದ ವಿತಾಲಿ ಕುರ್ಚಿ ಎಳೆದುಕೊಟ್ಟ. ಸೆಂಬೆಕ್ ಕೂರಲಿಲ್ಲ.

“ಪದರಕ್ಕೆ ಎಷ್ಟು ಸಲ ಉರುಳಿಸ್ಬೇಕು?” ಎಂದು ತೊಕ್ಸಾನ್ ಕೇಳಿದ.

“ಎಂಟು.”

“ಉರುಳಿಸಿದ್ಯಾ?”

“ಉರುಳಿಸ್ದೆ ಅಂತಾನೇ ಇದ್ದೆ. ಇವತ್ತು ಬೆಳಿಗ್ಗೆವರೆಗೂ ಎದೆ ತಟ್ಟಿ ಹೇಳ್ತಿದ್ದೆ. ಈಗ ಗೊತ್ತಾಗ್ತಿಲ್ಲ. ಯಾವತ್ತೋ ಒಂದಿನ ಏಳಕ್ಕೇ ನಿಲ್ಲಿಸಿದ್ನಾ? ಊಟದ ಹೊತ್ತಾಯ್ತು ಅಂತ ನಡುವೆ ಬಿಟ್ನಾ? ಅಗಾ, ನೀವು ಕಂಡುಹಿಡೀರಿ. ನನ್ನ ಕೂಸನ್ನ ನಾನೇ ಕೊಂದ್ನಾ, ಇಲ್ವಾ? ಅಷ್ಟು ಹೇಳಿ. ಆಮೇಲೆ ಜೈಲಿಗೆ ಹಾಕಿದ್ರೂ ನಡಿಯತ್ತೆ.”

ತೊಕ್ಸಾನ್ ಹೇಳಿಕೆ ಬರೆದುಕೊಂಡು ಅವನನ್ನು ಮನೆಗೆ ಕಳಿಸಿದ. ಮಾರನೆಯ ದಿನ ಮಣ್ಣು ಮಾಡುವುದಿತ್ತು.

ಏಪ್ರಿಲ್ 17, ಸೋಮವಾರ. ಗುತ್ತಿಗೆದಾರರ ಸೈಟ್ ಮ್ಯಾನೇಜರ್ ದುಲಾತನ ವಿಚಾರಣೆ. ದುಲಾತ್ ಎರಡು ದಪ್ಪ ಕಡತ ಹೊತ್ತು ತಂದಿದ್ದ, ಕಡತವೇ ತನ್ನನ್ನು ಕಾಯುತ್ತದೆ ಎನ್ನುವ ಹಾಗೆ ತಬ್ಬಿಕೊಂಡಿದ್ದ.

“ನೂರಿಪ್ಪತ್ತು ಸ್ಯಾಂಪಲ್ ಸಾರ್. ಪದರಕ್ಕೆ ಹನ್ನೆರಡು. ಆರು ಅಂಚಲ್ಲಿ, ಆರು ನಡುವೆ. ಬೂದಿ ಅಡಕ ನೂರಕ್ಕೆ ತೊಂಬತ್ತೈದು ಬಂದ್ರೆ ಪಾಸು. ಒಂದೂ ತೊಂಬತ್ತಾರಕ್ಕೆ ಕಮ್ಮಿ ಇಲ್ಲ.”

“ತೆಗೆದಿದ್ದು ಯಾರು?”

“ಅಮಾನ್‌ತಾಯ್ ಅಗಾ. ನಗರದ ಲ್ಯಾಬಿನ ಇಂಜಿನಿಯರ್. ಅವರು ಪಾಸು ಅಂದ್ರೆ ಪಾಸು. ಮಾರುಕಟ್ಟೆ, ಬಸ್ ನಿಲ್ದಾಣ ಎಲ್ಲಾ ಅವರೇ ನೋಡಿದ್ದು.”

“ನೀರು ಸರಿಯಾಗಿ ಹಾಕಿದ್ರಾ?”

“ಹಾಕಿದ್ವಿ. ಟ್ಯಾಂಕರ್ ಬೂದಿ ಮೇಲೆ ಹತ್ತಿಸೋ ಹಾಗಿಲ್ಲ, ಚಕ್ರ ಹೂತ್ಕೊಳತ್ತೆ. ಅಂಚಿಂದ ಪೈಪಲ್ಲಿ ಚಿಮುಕಿಸ್ತಿದ್ವಿ.”

“ಪೈಪ್ ನಡುವಿನವರೆಗೆ ಮುಟ್ತಿತ್ತಾ?”

ದುಲಾತ್ ಕಡತದ ಕಡೆ ನೋಡಿದ. “ಲ್ಯಾಬ್ ಪಾಸು ಮಾಡಿದ್ಮೇಲೆ ಮುಟ್ಟಿರಲೇಬೇಕಲ್ಲ ಸಾರ್.”

ಪ್ರಾಂತ್ಯದ ಕೇಂದ್ರದಿಂದ ಪರೀಕ್ಷಾ ತಂಡ ಬಂದು ಮೂರು ದಿನ ನೆಲ ಕೊರೆಯಿತು. ಏಪ್ರಿಲ್ 21ರ ವರದಿ ಎರಡೇ ಸಾಲಿನದು. ಅಂಚಿನಲ್ಲಿ ಬೂದಿಯ ಅಡಕ ಶೇಕಡಾ 97. ನಡುವೆ 78.

ಮೇಲಧಿಕಾರಿ ಅಂದೇ ಫೋನ್ ಮಾಡಿದರು. ಅವರಿಗೆ ಲೆಕ್ಕ ಬಗೆಹರಿದಿತ್ತು. ಸ್ಯಾಂಪಲ್ ತೆಗೆಯುವ ಜಾಗಕ್ಕೆ ಮೊದಲೇ ಗೂಟ ಹೊಡೆದಿರುತ್ತಾರೆ. ರೋಲರಿನವನು ಗೂಟದ ಸುತ್ತ ಚೆನ್ನಾಗಿ ಉರುಳಿಸಿ ಉಳಿದ ಕಡೆ ಕೈ ಎತ್ತಿದ್ದಾನೆ. ಲ್ಯಾಬಿನವರಿಗೆ ಗಟ್ಟಿ ಜಾಗವೇ ಸಿಕ್ಕಿದೆ. ಸರಳ ವಿಷಯ. ಮೇ 3ರೊಳಗೆ ಸೆಂಬೆಕನ ಮೇಲೆ ಆರೋಪಪಟ್ಟಿ ಆಗಬೇಕು.

“ಅವನ ಮಗಳೇ ಸತ್ತಿದ್ದಾಳೆ ಸಾರ್,” ಎಂದ ತೊಕ್ಸಾನ್.

“ಅವಳು ಅಲ್ಲಿಗೇ ಸೇರ್ತಾಳೆ ಅಂತ ಆಗ ಅವನಿಗೇನು ಕನಸು ಬಿದ್ದಿತ್ತಾ?”

ಊರು ಅಷ್ಟರಲ್ಲಾಗಲೇ ತೀರ್ಪು ಕೊಟ್ಟಾಗಿತ್ತು. ಬ್ರೆಡ್ಡಿನ ಸಾಲಿನಲ್ಲಿ, ಬಸ್ಸಿನಲ್ಲಿ ಒಂದೇ ಮಾತು: ಮಗಳ ಗುಂಡಿ ತಾನೇ ತೋಡಿದ. ಜನರ ಬಾಯಿಗೆ ಬೀಗ ಹಾಕುವವರು ಯಾರು? ಸೆಂಬೆಕನ ಹೆಂಡತಿ ಜನಿಲ್ ಅಂಗಡಿಗೆ ಹೋದಾಗ ಎಲ್ಲರೂ ಸುಮ್ಮನಾಗುತ್ತಿದ್ದರು, ಅವಳು ಹೊರಬಿದ್ದ ಮೇಲೆ ಶುರು ಮಾಡುತ್ತಿದ್ದರು. ಅವಳೂ ಗಂಡನೊಂದಿಗೆ ಮಾತು ಬಿಟ್ಟಿದ್ದಾಳೆ ಎಂದು ವಿತಾಲಿ ತಿಳಿದುಕೊಂಡು ಬಂದ. ಊಟ ಇಡುತ್ತಾಳೆ, ಮುಖ ನೋಡುವುದಿಲ್ಲ.

ಏಪ್ರಿಲ್ 24. ತೊಕ್ಸಾನ್ ಮತ್ತು ವಿತಾಲಿ ನಗರದ ಲ್ಯಾಬಿಗೆ ಹೋದರು. ಅಮಾನ್‌ತಾಯ್‌ಗೆ ಅರವತ್ತೊಂದು. ಬಿಳಿ ಕೋಟು, ಕಿವಿಯ ಹಿಂದೆ ಪೆನ್ಸಿಲು. ಚಹಾ ತರಿಸಿದ, ತಟ್ಟೆ ತುಂಬ ಬೌರ್ಸಾಕ್, ಕರಿದ ಹಿಟ್ಟಿನುಂಡೆ, ಇಟ್ಟ. ಕೇಳಿದ್ದೆಲ್ಲ ತೆಗೆದು ಮುಂದಿಟ್ಟ.

“ಉಕ್ಕಿನ ಬಳೆ ನೆಲಕ್ಕೆ ಹೊಡೆದು ಇಳಿಸ್ತೀವಿ. ಒಳಗೆ ಸಿಕ್ಕಿದ್ದನ್ನ ತೂಗ್ತೀವಿ, ಒಲೇಲಿ ಒಣಗಿಸಿ ಮತ್ತೆ ತೂಗ್ತೀವಿ. ಇದು ತೂಕದ ಪುಸ್ತಕ. ಅಲ್ಲಿ ಡಬ್ಬಿಗಳು. ಒಂದು ವರ್ಷ ಇಟ್ಟಿರ್ಬೇಕು ಅಂತ ನಿಯಮ, ಇಟ್ಟಿದೀನಿ.”

ಗೋಡೆಯುದ್ದಕ್ಕೂ ತವರದ ಡಬ್ಬಿಗಳು ಸಾಲಾಗಿದ್ದವು. ಒಂದೊಂದರ ಮೇಲೂ ಪದರ, ಜಾಗ, ತಾರೀಕು. ತೊಕ್ಸಾನ್ ಹತ್ತು ಡಬ್ಬಿ ಆರಿಸಿ ಮರುತೂಕ ಮಾಡಿಸಿದ. ಪುಸ್ತಕಕ್ಕೂ ತಕ್ಕಡಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ತಿದ್ದಿದ ಗುರುತಿಲ್ಲ, ಒರೆಸಿದ ಗುರುತಿಲ್ಲ.

“ಹೊಸ ವರದಿ ನೋಡಿದ್ರಾ ಅಗಾ? ನಡುವೆ ಎಪ್ಪತ್ತೆಂಟು.”

“ನೋಡ್ದೆ.”

“ಏನಂತೀರಿ?”

“ನನ್ನ ಡಬ್ಬಿ ಸುಳ್ಳು ಹೇಳಲ್ಲ,” ಎಂದ ಅಮಾನ್‌ತಾಯ್. ಬೌರ್ಸಾಕ್ ತಟ್ಟೆಯನ್ನು ಅವರ ಕಡೆ ತಳ್ಳಿದ. “ತಿನ್ನಿ. ಮನೇಲಿ ಮಾಡಿದ್ದು. ಮೊಮ್ಮಗಳು ಹುಟ್ಟಿದಾಳೆ.”

ಲಂಚದ ವಾಸನೆ ಬರುತ್ತದೇನೋ ಎಂದು ವಿತಾಲಿ ಎರಡು ದಿನ ಮೂಸಿ ನೋಡಿದ. ಏನೂ ಸಿಗಲಿಲ್ಲ. ಹಳೆಯ ಮನೆ, ಹಳೆಯ ಕಾರು, ಯಾರ ಹಂಗಿಗೂ ಬೀಳದ ಮನುಷ್ಯ. ಲ್ಯಾಬಿನ ಅಂಕಿ ಸರಿ. ಹೊಸ ವರದಿಯೂ ಸರಿ. ಹಾಗಾದರೆ ಉಳಿದವನು ಸೆಂಬೆಕ್ ಒಬ್ಬನೇ. 

ಏಪ್ರಿಲ್ 26, ಬೆಳಿಗ್ಗೆ 9.30. ಪಂಚನಾಮೆಯ ಎರಡನೆಯ ಪ್ರತಿಗೆ ಸಹಿ ಬೇಕಿತ್ತು. ಉಮಿತ್ ಅಜ್ಜಿ ಕನ್ನಡಕ ಹಾಕಿಕೊಂಡು ಠಾಣೆಗೆ ಬಂದಳು. ಮೊದಲ ಸಲ ಅಳುವಿನ ನಡುವೆ ಓದದೆ ಸಹಿ ಹಾಕಿದ್ದಳು. ಈ ಸಲ ಒಂದೊಂದೇ ಅಕ್ಷರ ಬೆರಳಿಟ್ಟು ಓದಿದಳು.

“ಇದೇನಪ್ಪಾ? ‘ಪಂಚರ ಸಮಕ್ಷಮ ಕೋಣೆಯ ನಡುಭಾಗದಲ್ಲಿ ನಿಂತು ಪರಿಶೀಲಿಸಲಾಗಿ’ ಅಂತ ಬರ್ದಿದೀಯಲ್ಲ. ನಾನೆಲ್ಲಿ ನಡುಭಾಗಕ್ಕೆ ಬಂದಿದ್ದೆ?”

“ಅದು ಬರೆಯೋ ಪದ್ಧತಿ ಅಜ್ಜಿ,” ಎಂದ ತೊಕ್ಸಾನ್.

“ಪದ್ಧತಿ ನಿಂದು, ಹೆಸರು ನಂದು. ನಾನು ಬಾಗಿಲಲ್ಲೇ ಇದ್ದೆ. ಆ ಡ್ರೈವರಣ್ಣನೂ ಅಲ್ಲೇ ಇದ್ದ.”

“ಯಾಕೆ ಬರ್ಲಿಲ್ಲ? ಕರ್ದಿದ್ನಲ್ಲ.”

ಅಜ್ಜಿ ಕನ್ನಡಕ ತೆಗೆದು ಅವನನ್ನೇ ನೋಡಿದಳು. “ಬೂದಿ ತುಳೀತಾರಾ ಯಾರಾದ್ರೂ? ನಿಮ್ಮಮ್ಮ ನಿಂಗೇನೂ ಹೇಳ್ಕೊಡ್ಲಿಲ್ವಾ? ಮುಚ್ಚಿದ್ಮೇಲೆ ನೆಲ. ಬಿಚ್ಚಿದ್ರೆ ಬೂದಿ. ನೀನೂ ಹಲಗೆ ಬಿಟ್ಟು ಇಳೀಲಿಲ್ಲ, ನಾನು ನೋಡಿದೀನಿ. ಇಳಿದಿದ್ದು ಇವನೊಬ್ಬನೇ,” ಎಂದು ವಿತಾಲಿಯ ಕಡೆ ಗಲ್ಲ ತೋರಿಸಿದಳು. “ಪಾಪ, ರಷ್ಯದೋನು. ಅವನಿಗೆಲ್ಲಿ ಗೊತ್ತಾಗ್ಬೇಕು.”

ತೊಕ್ಸಾನ್ ಪಂಚನಾಮೆಯನ್ನು ತನ್ನ ಕಡೆ ಎಳೆದುಕೊಂಡು ಆ ಸಾಲನ್ನು ಮತ್ತೆ ಓದಿದ. ಒಲೆಯ ಬೂದಿಯನ್ನು ಕಾಲು ಬೀಳದ ಜಾಗದಲ್ಲೇ ಸುರಿಯಬೇಕು, ತುಳಿದರೆ ಮನೆಯ ಕುಡಿಗೆ ಕೇಡು. ಇದನ್ನು ಅವನು ನಡೆಯಲು ಕಲಿಯುವ ಮೊದಲೇ ಕಲಿತಿದ್ದ. ನಂಬುತ್ತೀಯಾ ಎಂದು ಕೇಳಿದರೆ ಇಲ್ಲವೆನ್ನುತ್ತಿದ್ದ. ಆದರೂ ಅಂದು ಹಲಗೆ ಹಾಕಿಸಿಕೊಂಡವನು ತಾನೇ. ಅಂಚಿನಲ್ಲಿ ನಿಂತು ನಡುವೆ ನಿಂತೆ ಎಂದು ಬರೆದವನೂ ತಾನೇ. ಬರೆಯುವಾಗ ಅದು ಸುಳ್ಳು ಎಂಬುದು ತಲೆಗೇ ಬಂದಿರಲಿಲ್ಲ.

“ವಿತಾಲಿ, ಗಾಡಿ ತೆಗಿ.”

“ಎಲ್ಲಿಗೆ?”

“ಲ್ಯಾಬಿಗೆ. ಡಬ್ಬಿ ಎಲ್ಲಾ ಜಪ್ತಿ ಮಾಡ್ಬೇಕು.”

11.15ಕ್ಕೆ ಪಂಚರ ಸಮಕ್ಷಮ ನೂರಿಪ್ಪತ್ತೂ ಡಬ್ಬಿ ಮೊಹರಾದವು. ಅಮಾನ್‌ತಾಯ್ ಏನೂ ಕೇಳಲಿಲ್ಲ. ಡಬ್ಬಿ ಇಳಿಸಿಕೊಡಲು ಏಣಿ ಮಾತ್ರ ಹಿಡಿದುಕೊಂಡ.

ಏಪ್ರಿಲ್ 27 ಮತ್ತು 28, ಪ್ರಾಂತ್ಯ ಕೇಂದ್ರದ ಪ್ರಯೋಗಾಲಯ. ಅಲ್ಲಿನ ತಜ್ಞೆ ಒಂದೊಂದೇ ಡಬ್ಬಿಯನ್ನು ಬಿಳಿ ಹಾಳೆಯ ಮೇಲೆ ಸುರಿದು ಭೂತಗನ್ನಡಿ ಹಿಡಿದು ನೋಡಿದಳು. ಬೂದಿ ಭರ್ತಿ ಮಾಡುವಾಗ ಮಳೆಗಾಳಿಗೆ ಕೊಚ್ಚದಂತೆ ಸುತ್ತಲೂ ಒಂದು ಮೀಟರ್ ಅಗಲಕ್ಕೆ ಕೆಂಪು ಜೇಡಿಯ ಒಡ್ಡು ಕಟ್ಟುತ್ತಾರೆ. ಆ ಕೆಂಪು ಮಣ್ಣು ಅಂಚಿನ ಪಕ್ಕದ ಬೂದಿಗೆ ಮಾತ್ರ ಬೆರೆಯುತ್ತದೆ. ನಡುವೆ ಇಪ್ಪತ್ತು ಮೀಟರ್ ದೂರದಲ್ಲಿ ಅದರ ಸುಳಿವೂ ಇರಲು ಸಾಧ್ಯವಿಲ್ಲ.

‘ನಡು’ ಎಂದು ಬರೆದ ಡಬ್ಬಿ ಅರವತ್ತು. ಐವತ್ತೆಂಟರಲ್ಲಿ ಕೆಂಪು ಜೇಡಿಯ ಕಣ ಸಿಕ್ಕಿತು.

“ಅಂಕಿ ಒಂದೂ ಸುಳ್ಳಲ್ಲ,” ಎಂದಳು ತಜ್ಞೆ. “ಜಾಗ ಸುಳ್ಳು. ನೂರಿಪ್ಪತ್ತೂ ಅಂಚಿಂದಲೇ ತೆಗೆದಿದ್ದು.”

“ಉರುಳಿಸಿದೋನು ನಡುವೆ ಸರಿಯಾಗಿ ಉರುಳಿಸಿಲ್ಲ ಅಂತಾರೆ.”

“ಯಾರು ಹೇಳಿದ್ದು? ನೆಲ ಕೊರೆದಾಗ ರೋಲರಿನ ಪಟ್ಟೆ ಕೊನೇ ಪದರದವರೆಗೂ ಸಿಕ್ಕಿದೆ, ನಡುವೆಯೂ. ತೊಂದರೆ ನೀರಿಂದು. ಅಲ್ಲಿ ತೇವ ನೂರಕ್ಕೆ ಇಪ್ಪತ್ತೈದರ ಹತ್ತಿರ ಇರ್ಬೇಕಿತ್ತು, ಕೊಳವೆ ನೀರು ನುಗ್ಗದೆ ಉಳಿದ ಕಡೆ ಬರೀ ಆರು ಇದೆ. ಒಣಬೂದೀನ ಎಂಟಲ್ಲ, ಎಂಬತ್ತು ಸಲ ಉರುಳಿಸಿ, ಹಿಟ್ಟು ಹಿಟ್ಟೇ. ನೀರು ಬಿದ್ದ ಕೂಡ್ಲೇ ಕೂತ್ಬಿಡತ್ತೆ. ಅದನ್ನ ಹಿಡಿಯೋಕೇ ಈ ಪರೀಕ್ಷೆ ಇರೋದು. ನಡುವಿಂದ ಒಂದೇ ಒಂದು ಬಳೆ ತೆಗೆದಿದ್ರೂ ಮೊದಲನೇ ಪದರದಲ್ಲೇ ಗೊತ್ತಾಗ್ತಿತ್ತು.”

ಟ್ಯಾಂಕರಿನ ಪೈಪ್ ಅಳೆದದ್ದು ಅದೇ ಸಂಜೆ. ಹನ್ನೆರಡು ಮೀಟರ್.

ಮೇ 2, ಮಂಗಳವಾರ. ಬೆಳಿಗ್ಗೆ 10.40ಕ್ಕೆ ಬಂಧನದ ವಾರಂಟ್ ಹಿಡಿದು ತೊಕ್ಸಾನ್ ಮತ್ತು ವಿತಾಲಿ ಅಮಾನ್‌ತಾಯ್ ಮನೆಗೆ ಹೋದರು. ಹೊಸಿಲ ಹೊರಗೆ ಹೆಂಗಸರ ಚಪ್ಪಲಿ ರಾಶಿ ಬಿದ್ದಿದ್ದವು. ಒಳಗೆ ಮೊಮ್ಮಗಳು ಹುಟ್ಟಿದ ನಲವತ್ತನೆಯ ದಿನದ ಸ್ನಾನ, ನಲವತ್ತು ಚಮಚೆ ನೀರಿನದು. ಮಗುವನ್ನು ಬೋಗುಣಿಯ ಮೇಲೆ ಹಿಡಿದುಕೊಂಡು ಬಂಧುಗಳಲ್ಲಿ ಹಿರಿಯವಳೊಬ್ಬಳು ಚಮಚೆ ಚಮಚೆ ನೀರು ಹಾಕುತ್ತಿದ್ದಳು. ಉಳಿದವರು ಒಟ್ಟಿಗೆ ಎಣಿಸುತ್ತಿದ್ದರು. ಹದಿನಾಲ್ಕು ಆಗಿತ್ತು.

ಅಮಾನ್‌ತಾಯ್ ನಡುಮನೆಯ ಬಾಗಿಲಲ್ಲಿ ನಿಂತಿದ್ದ. ಇವರನ್ನು ಕಂಡು ಹತ್ತಿರ ಬಂದು ಮೆಲ್ಲಗೆ ಕೇಳಿದ:

“ನಲವತ್ತಾಗಲಿ ಮಗಾ. ಅಷ್ಟೇ.”

ವಿತಾಲಿ ತೊಕ್ಸಾನನ ಮುಖ ನೋಡಿದ. ತೊಕ್ಸಾನ್ ಗೋಡೆಗೆ ಒರಗಿ ನಿಂತ. ಮೂವರೂ ನಿಂತು ಕೇಳಿಸಿಕೊಂಡರು. ನಲವತ್ತನೆಯ ಚಮಚೆಗೆ ಮಗು ಚೀರಿತು, ಹೆಂಗಸರು ನಕ್ಕರು, ಒಬ್ಬಳು ಅದಕ್ಕೆ ಆಯುಸ್ಸು ಹಾರೈಸಿದಳು. 10.55ಕ್ಕೆ ಅಮಾನ್‌ತಾಯ್ ಕೋಟು ಹಾಕಿಕೊಂಡ. ಯಾರಿಗೂ ಹೇಳದೆ ಹಿಂಬಾಗಿಲಿಂದ ಜೊತೆಗೆ ಬಂದ.

ಠಾಣೆಯಲ್ಲಿ ಹೇಳಿಕೆ 11.30ಕ್ಕೆ ಶುರುವಾಯಿತು.

“ನಡುವಿಂದ ಯಾಕೆ ತೆಗೀಲಿಲ್ಲ ಅಗಾ?”

“ಕಾಲು ಏಳ್ಲಿಲ್ಲ.”

“ಮಾರುಕಟ್ಟೇಲಿ ತೆಗೆದಿದ್ರಿ. ಬಸ್ ನಿಲ್ದಾಣದಲ್ಲೂ.”

“ಅದಕ್ಕೇ ಏಳ್ಲಿಲ್ಲ,” ಎಂದ ಅಮಾನ್‌ತಾಯ್. ಮೇಜಿನ ಅಂಚನ್ನು ಹೆಬ್ಬೆರಳಿಂದ ಉಜ್ಜುತ್ತಿದ್ದ. “ಮಾರುಕಟ್ಟೆ ಬೂದಿ ತುಳಿದ ವರ್ಷ ಸೊಸೆಗೆ ಮೊದಲ್ನೇ ಬಸಿರು ಹೋಯ್ತು. ಬಸ್ ನಿಲ್ದಾಣದ ವರ್ಷ ಎರಡ್ನೇದು. ಆಮೇಲೆ ಸ್ಥಾವರದ ರಸ್ತೆ, ಮೂರ್ನೇದು. ಅದು ಏಳು ತಿಂಗಳಿಗೆ ಹೋಗಿದ್ದು. ಕೈಯಲ್ಲಿ ಹಿಡ್ಕೊಂಡು ಹೋಗಿ ನಾನೇ ಹೂತು ಬಂದೆ. ಮನೆಯವಳು ಸಾಯೋವಾಗ ಹೇಳಿದ್ಳು, ನಿಮ್ಮ ಕಾಲಿಂದ ಆಗ್ತಿರೋದು ಅಂತ. ನಾನು ಬೈದೆ. ಸಾಯೋ ಹೆಂಗಸಿಗೆ ಬೈದೆ.”

“ನಂಬ್ತೀರಾ ಅದನ್ನ?”

“ಇಲ್ಲ. ಇವತ್ತೂ ಇಲ್ಲ. ಹೋದ ಜುಲೈನಲ್ಲಿ ಸೈಟಿಗೆ ಹೋದೆ. ಸೊಸೆ ಆ ವಾರಾನೇ ಹೇಳಿದ್ಳು, ಮತ್ತೆ ಇದೆ ಅಂತ. ಒಡ್ಡಿನ ಮೇಲೆ ನಿಂತೆ. ಬಳೆ ಕೈಯಲ್ಲಿದೆ. ಇವತ್ತೊಂದಿನ ಅಂಚಲ್ಲೇ ತೆಗಿಯೋಣ, ನಾಳೆ ನಡುವೆ ತೆಗಿಯೋಣ ಅಂದ್ಕೊಂಡೆ. ಹತ್ತು ಪದರ ಹಾಗೇ ಆಯ್ತು. ಅಂಚಲ್ಲಿ ಚೆನ್ನಾಗಿ ಬರ್ತಿತ್ತಲ್ಲ. ನಡುವೆಯೂ ಹಾಗೇ ಇರತ್ತೆ ಅಂದ್ಕೊಂಡೆ.”

“ಬೇರೆಯವರಿಗೆ ಹೇಳ್ಬಹುದಿತ್ತಲ್ಲ, ನೀವು ತೆಗೀರಿ ಅಂತ.”

“ಏನಂತ ಹೇಳ್ಲಿ? ಮೂವತ್ನಾಲ್ಕು ವರ್ಷದಿಂದ ಲ್ಯಾಬಿನ ಹುಡುಗ್ರಿಗೆಲ್ಲಾ ಛೀಮಾರಿ ಹಾಕಿದೀನಿ. ಮುದುಕಿ ಹಾಗೆ ಹೆದರ್ಬೇಡ್ರೋ, ಇದು ಬರೀ ಸುಟ್ಟ ಕಲ್ಲು ಅಂತ. ಈಗ ನಾನೇ ಹೆದರ್ತೀನಿ ಅನ್ಲಾ?” ಮೇಜಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. “ಹದಿನಾಲ್ಕನೇ ತಾರೀಕು ಸುದ್ದಿ ಬಂದಾಗ ನಾನು ಮಗೂನ ಎತ್ಕೊಂಡಿದ್ದೆ. ಕೈಯಿಂದ ಜಾರ್ತಿತ್ತು. ಸೊಸೆ ಹಿಡ್ಕೊಂಡ್ಳು.”

ಅಷ್ಟನ್ನೂ ತೊಕ್ಸಾನ್ ಬರೆದುಕೊಂಡ. ಅಮಾನ್‌ತಾಯ್ ಪ್ರತಿ ಪುಟಕ್ಕೂ ಸಹಿ ಹಾಕಿದ. 12.50ಕ್ಕೆ ಬಂಧನ ದಾಖಲಾಯಿತು. ಪೈಪು ಮುಟ್ಟದಿದ್ದರೂ ಕಣ್ಣು ಮುಚ್ಚಿಕೊಂಡಿದ್ದಕ್ಕೆ ಮ್ಯಾನೇಜರ್ ದುಲಾತನ ಹೆಸರು ಎರಡನೆಯ ಆರೋಪಿಯಾಗಿ ಸೇರಿತು. ಅವನು ಕಡತ ತಬ್ಬಿಕೊಂಡೇ ಬಂದ.

ಮಧ್ಯಾಹ್ನ ಮೂರಕ್ಕೆ ತೊಕ್ಸಾನ್ ಒಬ್ಬನೇ ಸೆಂಬೆಕನ ಮನೆಗೆ ಹೋದ. ನೋಟೀಸು ಕಳಿಸಿದ್ದರೂ ಸಾಕಿತ್ತು, ಆದರೆ ಆ ಮಾತನ್ನು ಬಾಯಿಂದಲೇ ಹೇಳಬೇಕೆಂದು ಅವನಿಗಿತ್ತು. ಹದಿನೆಂಟು ದಿನದಲ್ಲಿ ಇದೊಂದು ಒಳ್ಳೆಯ ಸುದ್ದಿಯನ್ನಾದರೂ ಒಯ್ಯುತ್ತಿದ್ದೇನಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡ. ಸೆಂಬೆಕ್ ಮನೆಯ ಮುಂದಿನ ಬೆಂಚಿನ ಮೇಲೆ ಕೂತಿದ್ದ. ಗಡ್ಡ ಬಂದಿತ್ತು. ಜನಿಲ್ ಎರಡು ಬಟ್ಟಲು ಹಾಲುಚಹಾ ತಂದಿಟ್ಟು ಬಾಗಿಲ ಮರೆಯಲ್ಲಿ ನಿಂತಳು.

“ತಮ್ಮಾ, ನಿನ್ನ ತಪ್ಪಿಲ್ಲ,” ಎಂದ ತೊಕ್ಸಾನ್. “ಎಂಟಕ್ಕೆ ಎಂಟೂ ಉರುಳಿಸಿದೀಯ. ನೆಲದಲ್ಲೇ ಗುರುತಿದೆ. ನಡುವೆಯೂ. ವರದಿ ನನ್ನ ಹತ್ರ ಇದೆ. ಜನಿಲ್, ನೀನೂ ಕೇಳಿಸ್ಕೋಮ್ಮ.”

ಆಮೇಲೆ ಎಲ್ಲವನ್ನೂ ಹೇಳಿದ. ನೀರು, ಪೈಪು, ಡಬ್ಬಿಗಳು, ಅಮಾನ್‌ತಾಯ್, ಅವನ ಸೊಸೆ. ಏಳದ ಕಾಲು. ಜನಿಲ್ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕುಸಿದು ಕೂತಳು, ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡು ಅತ್ತಳು. ಗಂಡನ ಕಡೆ ನೋಡಿದಳು. ಎಷ್ಟೋ ದಿನದ ಮೇಲೆ ನೋಡಿದ್ದು.

ಸೆಂಬೆಕ್ ಅಳಲಿಲ್ಲ. ಚಹಾ ಮುಟ್ಟಲಿಲ್ಲ.

“ಎರಡು ತಿಂಗಳು ಅಗಾ,” ಎಂದ. “ದಿನಾ ಹತ್ತು ಗಂಟೆ ಆ ಬೂದಿ ನಡುವೇನೇ ಇದ್ದೆ. ಊಟಕ್ಕೆ ಇಳೀಬೇಕು ಅಂದ್ರೆ ಗಾಡಿನ ಒಡ್ಡಿನವರೆಗೂ ತಂದು ಜೇಡಿ ಮೇಲೆ ಇಳೀತಿದ್ದೆ. ಒಂದ್ಸಲ ಟೋಪಿ ಹಾರಿ ನಡುವೆ ಬಿತ್ತು, ಅದನ್ನೂ ಸಲಾಕೆಲಿ ಎತ್ಕೊಂಡೆ.”

“ಆದ್ರೇನಾಯ್ತು? ಎಲ್ರೂ ಹಾಗೇ. ನಾನೂ ಹಾಗೇ.”

“ಮನೇಲಿ ಚಿಕ್ಕ ಹುಡುಗಿ ಇದಾಳಲ್ಲ ಅಂತ ಇಳೀತಿರ್ಲಿಲ್ಲ,” ಎಂದ ಸೆಂಬೆಕ್. “ಅಗಲದ ಉರುಳೆ ಮೇಲೆ ಕೂತೋನಿಗೆ ಏನೂ ಗೊತ್ತಾಗ್ಲಿಲ್ಲ. ಇಳಿದಿದ್ರೆ ಕಾಲು ಒಣಹಿಟ್ಟಲ್ಲಿ ಹೂತು ಹೋಗ್ತಿತ್ತು. ಅವತ್ತೇ ಗೊತ್ತಾಗ್ತಿತ್ತು.”

ತೊಕ್ಸಾನ್ ಈ ಮಾತನ್ನು ಯಾವ ಹಾಳೆಯಲ್ಲೂ ಬರೆದುಕೊಳ್ಳಲಿಲ್ಲ.